ಇಂದಿರಾ ಗಾಂಧಿ ಉತ್ತರದಾಯಿತ್ವ ವಿವಾದ (1977–80)

ತುರ್ತುಪರಿಸ್ಥಿತಿಯ (1975 ಜೂನ್ 25 – 1977 ಮಾರ್ಚ್ 21) ಅಧಿಕಾರ ದುರ್ಬಳಕೆಗೆ ಮಾಜಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಯಾರು, ಯಾವ ಕಾನೂನಿನಡಿ ಹೊಣೆ ಮಾಡಬೇಕೆಂಬ ಬಗ್ಗೆ ಜನತಾ ಪಕ್ಷದ ಆಡಳಿತದಲ್ಲಿ ಎದ್ದ ರಾಜಕೀಯ, ನ್ಯಾಯಿಕ ವಿವಾದ. ವಿಚಾರಣಾ ಆಯೋಗ, ಕ್ರಿಮಿನಲ್ ಮೊಕದ್ದಮೆ, ಲೋಕಸಭೆಯ ಹಕ್ಕುಚ್ಯುತಿ ಕ್ರಮ, ವಿಶೇಷ ನ್ಯಾಯಾಲಯ ಎಂಬ ನಾಲ್ಕು ದಾರಿಗಳನ್ನು ಹಿಡಿದರೂ ಯಾವುದೂ ನ್ಯಾಯಾಲಯದ ಶಿಕ್ಷೆಯವರೆಗೆ ಮುಟ್ಟಲಿಲ್ಲ.

ಹಿನ್ನೆಲೆ

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ, ರಾಯಬರೇಲಿಯಿಂದ ಇಂದಿರಾ ಆಯ್ಕೆಯಾದದ್ದನ್ನು ಅಸಿಂಧುಗೊಳಿಸಿದರು. ಎರಡು ವಾರದೊಳಗೆ ತುರ್ತುಪರಿಸ್ಥಿತಿ ಜಾರಿಗೆ ಬಂತು. 1977ರ ಮಾರ್ಚ್ ಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ಅವರು ರಾಜ್ ನಾರಾಯಣ್ ಎದುರು ಸೋತರು. ಮತದಾರ ತೀರ್ಪು ಕೊಟ್ಟಾಗಿದೆ, ಮತ್ತೆ ವಿಚಾರಣೆ ಏಕೆ ಎಂಬುದು ಒಂದು ವಾದ. ಚುನಾವಣೆಯ ಸೋಲು ಅಪರಾಧಕ್ಕೆ ಶಿಕ್ಷೆಯಾಗದು ಎಂಬುದು ಇನ್ನೊಂದು. ಹೊಸ ಸರ್ಕಾರದೊಳಗೂ ಒಮ್ಮತವಿರಲಿಲ್ಲ. ಪ್ರಧಾನಿ ಮೊರಾರ್ಜಿ ದೇಸಾಯಿ ಕಾನೂನಿನ ಮಾಮೂಲಿ ಕ್ರಮವನ್ನೇ ಬಯಸಿದರು. ಗೃಹ ಸಚಿವ ಚರಣ್ ಸಿಂಗ್ ವಿಳಂಬವನ್ನು ಬಹಿರಂಗವಾಗಿ ಟೀಕಿಸಿ 1978ರ ಜೂನ್ ಕೊನೆಯಲ್ಲಿ ರಾಜೀನಾಮೆ ನೀಡಬೇಕಾಯಿತು.

ಷಾ ಆಯೋಗ

ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಏಕಸದಸ್ಯ ಆಯೋಗ 1977ರ ಮೇ 28ರಂದು, ವಿಚಾರಣಾ ಆಯೋಗಗಳ ಕಾಯ್ದೆ 1952ರ ಅಡಿ ರಚನೆಯಾಯಿತು. ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಬಹಿರಂಗ ವಿಚಾರಣೆ ನಡೆಸಿ, 1978ರ ಮಾರ್ಚ್, ಏಪ್ರಿಲ್, ಆಗಸ್ಟ್ ತಿಂಗಳಲ್ಲಿ ಮೂರು ಭಾಗಗಳ ವರದಿ ಕೊಟ್ಟಿತು. ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ (ಮಿಸಾ) ಮತ್ತು ಭಾರತ ರಕ್ಷಣಾ ನಿಯಮಗಳಡಿ ಒಟ್ಟು ಸುಮಾರು 1,10,000 ಜನರನ್ನು ಬಂಧಿಸಲಾಗಿತ್ತೆಂಬ ಲೆಕ್ಕ ಈ ವರದಿಯದು.

ಘೋಷಣೆಯ ರಾತ್ರಿಯ ಕುರಿತು ಆಯೋಗ ದಾಖಲಿಸಿದ ವಿವರಗಳು ಮುಖ್ಯ. ಸಮಯವಿಲ್ಲದ ಕಾರಣ ಸಂಪುಟದ ಮುಂದಿಡಲಾಗಲಿಲ್ಲವೆಂದು ಇಂದಿರಾ ರಾಷ್ಟ್ರಪತಿಗೆ ಬರೆದಿದ್ದರು. ಸರ್ಕಾರಿ ಕಾರ್ಯಕಲಾಪ ನಿಯಮಗಳ 12ನೇ ನಿಯಮ ಅಂಥ ವಿನಾಯಿತಿಗೆ ಅವಕಾಶ ಕೊಡುತ್ತಿತ್ತು. ಆದರೆ ಮರುದಿನ ಬೆಳಗ್ಗೆ ಆರಕ್ಕೆ ಸಂಪುಟ ಸೇರಿತು, ಅದೂ ಸುಮಾರು ತೊಂಬತ್ತು ನಿಮಿಷಗಳ ಸೂಚನೆಯ ಮೇಲೆ. ಹಾಗಿದ್ದರೆ ಹಿಂದಿನ ಸಂಜೆಯೇ ಏಕೆ ಸೇರಿಸಲಾಗಲಿಲ್ಲ ಎಂದು ಆಯೋಗ ಕೇಳಿತು. ಅದೇ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತವಾಯಿತು. ನವದೆಹಲಿ ಪುರಸಭೆಯಿಂದ ವಿದ್ಯುತ್ ಪಡೆಯುತ್ತಿದ್ದ ‘ಸ್ಟೇಟ್ಸ್‌ಮನ್’ ಮತ್ತು ‘ಹಿಂದೂಸ್ತಾನ್ ಟೈಮ್ಸ್’ ಮಾತ್ರ ತಪ್ಪಿಸಿಕೊಂಡವು.

ಪ್ರಮಾಣ ಸ್ವೀಕಾರದ ಪ್ರಶ್ನೆ

1978ರ ಜನವರಿಯಲ್ಲಿ ಆಯೋಗದ ಮುಂದೆ ಹಾಜರಾದ ಇಂದಿರಾ, ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ನಿರಾಕರಿಸಿದರು. ಕಾಯ್ದೆಯ 4ನೇ ಸೆಕ್ಷನ್ ಆಯೋಗಕ್ಕೆ ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸುವ ಅಧಿಕಾರ ಕೊಡುತ್ತದೆ. 8ಬಿ ಸೆಕ್ಷನ್ ಉದ್ದೇಶ ಬೇರೆ: ಯಾರ ನಡತೆ ಪರಿಶೀಲನೆಗೆ ಒಳಗಾಗಿದೆಯೋ, ಯಾರ ಹೆಸರಿಗೆ ಧಕ್ಕೆ ಬರಬಹುದೋ ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ತಾವು 8ಬಿ ವ್ಯಾಪ್ತಿಯವರು, ಮಾತನಾಡುವುದು ತಮ್ಮ ಹಕ್ಕೇ ಹೊರತು ಕರ್ತವ್ಯವಲ್ಲ ಎಂಬುದು ಇಂದಿರಾ ವಾದ. ಪ್ರಧಾನಿಯಾಗಿ ಸ್ವೀಕರಿಸಿದ ಗೋಪ್ಯತಾ ಪ್ರಮಾಣವನ್ನೂ ಅವರು ಮುಂದಿಟ್ಟರು. ಷಾ ಇದನ್ನು ಒಪ್ಪದೆ ಭಾರತೀಯ ದಂಡ ಸಂಹಿತೆಯ 178 ಮತ್ತು 179ನೇ ಸೆಕ್ಷನ್‌ಗಳಡಿ ದೂರು ದಾಖಲಿಸಲು ಆದೇಶಿಸಿದರು. 1979ರ ಕೊನೆಯಲ್ಲಿ ದೆಹಲಿ ಹೈಕೋರ್ಟ್ ಇಂದಿರಾ ಪರವಾಗಿ ತೀರ್ಪಿತ್ತಿತು. ಆಯೋಗದ ವರದಿ ಶಿಫಾರಸು ಮಾತ್ರ, ತೀರ್ಪಲ್ಲ ಎಂದು ಸುಪ್ರೀಂ ಕೋರ್ಟ್ 1958ರ ದಾಲ್ಮಿಯಾ ಪ್ರಕರಣದಲ್ಲೇ ಹೇಳಿತ್ತು. ಆರೋಪಿಯ ರಕ್ಷಣೆಗಳನ್ನು ಪೂರ್ತಿ ಕೊಡದೆ ಆರೋಪಿಯಂತೆ ನಡೆಸಿಕೊಳ್ಳುವ ಈ ವ್ಯವಸ್ಥೆಯ ತೊಡಕು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಡೆ ಕಂಡದ್ದು ವಿರಳ.

ಬಂಧನ ಮತ್ತು ವಿಶೇಷ ನ್ಯಾಯಾಲಯ

1977ರ ಅಕ್ಟೋಬರ್ 3ರಂದು ಸಿಬಿಐ ಇಂದಿರಾ ಅವರನ್ನು ಬಂಧಿಸಿತು. ಆರೋಪಗಳು ತುರ್ತುಪರಿಸ್ಥಿತಿಗೆ ನೇರವಾಗಿ ಸಂಬಂಧಿಸಿರಲಿಲ್ಲ; ಚುನಾವಣಾ ಪ್ರಚಾರದ ಜೀಪುಗಳು ಮತ್ತು ಒಂದು ತೈಲ ಗುತ್ತಿಗೆಗೆ ಸಂಬಂಧಿಸಿದ್ದವು. ಮರುದಿನವೇ ಮ್ಯಾಜಿಸ್ಟ್ರೇಟರು ಆಧಾರ ಸಾಲದೆಂದು ಬಿಡುಗಡೆ ಮಾಡಿದರು. ಆ ಬಂಧನ ಸರ್ಕಾರಕ್ಕಿಂತ ಇಂದಿರಾ ಅವರಿಗೇ ಹೆಚ್ಚು ಲಾಭ ತಂದಿತೆನ್ನಬಹುದು. 1979ರ ವಿಶೇಷ ನ್ಯಾಯಾಲಯಗಳ ಕಾಯ್ದೆಯಡಿ ಅವರ ವಿರುದ್ಧದ ಯಾವ ಪ್ರಕರಣವೂ ಶಿಕ್ಷೆಯ ಹಂತ ತಲುಪಲಿಲ್ಲ.

ಚಿಕ್ಕಮಗಳೂರು ಮತ್ತು ಹಕ್ಕುಚ್ಯುತಿ

ವಿವಾದದಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಮುಖ್ಯಮಂತ್ರಿ ದೇವರಾಜ ಅರಸು ವಿರುದ್ಧ ಕೇಂದ್ರ ನೇಮಿಸಿದ ಗ್ರೋವರ್ ಆಯೋಗವನ್ನು ರಾಜ್ಯ ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟ್ 1977ರ ನವೆಂಬರ್‌ನಲ್ಲಿ ಬಹುಮತದಿಂದ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿಯಿತು. ಅರಸು ನೇತೃತ್ವದಲ್ಲಿ ಇಂದಿರಾ ಪಕ್ಷ 1978ರ ವಿಧಾನಸಭಾ ಚುನಾವಣೆಯಲ್ಲಿ ಮತ್ತೆ ಗೆದ್ದಿತು. ಡಿ.ಬಿ. ಚಂದ್ರೇಗೌಡ ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ 1978ರ ನವೆಂಬರ್‌ನಲ್ಲಿ ಇಂದಿರಾ, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಲೋಕಸಭೆಗೆ ಮರಳಿದರು.

ಇಂದಿರಾ ಪುತ್ರನ ಮಾರುತಿ ಕಂಪನಿಯ ಬಗೆಗಿನ ಸಂಸದೀಯ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಕಿರುಕುಳ ಕೊಟ್ಟರೆಂದು ಹಕ್ಕುಬಾಧ್ಯತಾ ಸಮಿತಿ ಅವರನ್ನು ತಪ್ಪಿತಸ್ಥರೆಂದಿತು. ಡಿಸೆಂಬರ್ 19ರಂದು ಲೋಕಸಭೆ 279–138 ಮತಗಳಿಂದ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ತಿಹಾರ್‌ನಿಂದ ಅವರು ಹೊರಬಂದದ್ದು ಡಿಸೆಂಬರ್ 26ರಂದು. ಆಗ ಸಭಾಧ್ಯಕ್ಷರಾಗಿದ್ದವರು ಕನ್ನಡಿಗ ಕೆ.ಎಸ್. ಹೆಗ್ಡೆ, 1973ರಲ್ಲಿ ಇಂದಿರಾ ಸರ್ಕಾರ ಮುಖ್ಯ ನ್ಯಾಯಮೂರ್ತಿ ನೇಮಕದಲ್ಲಿ ಜ್ಯೇಷ್ಠತೆ ಕಡೆಗಣಿಸಿದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಅಧಿಕಾರಿಗಳ ಘಟನೆ ಐದನೇ ಲೋಕಸಭೆಯ ಕಾಲದ್ದು, ಶಿಕ್ಷಿಸಿದ್ದು ಆರನೆಯದು. ವಿಸರ್ಜಿತ ಸಭೆಯ ಹಕ್ಕುಚ್ಯುತಿಗೆ ಮುಂದಿನ ಸಭೆ ದಂಡಿಸಬಹುದೇ ಎಂಬ ಸಂಶಯ ಉಳಿಯಿತು. ಇಂದಿರಾ ಮತ್ತೆ ಪ್ರಧಾನಿಯಾದ ಮೇಲೆ, 1981ರ ಮೇ 7ರಂದು ಏಳನೇ ಲೋಕಸಭೆ ಆ ನಿರ್ಣಯವನ್ನೇ ರದ್ದುಪಡಿಸಿತು.

ಮೌಲ್ಯಮಾಪನ

ವ್ಯಕ್ತಿಯನ್ನು ಗುರಿಯಾಗಿಸಿದ ಕ್ರಮಗಳು ಸರ್ಕಾರ ಬದಲಾದೊಡನೆ ಕರಗಿದವು. ನಿಯಮವನ್ನು ಬದಲಿಸಿದವು ನಿಂತವು. 44ನೇ ತಿದ್ದುಪಡಿ (1978) ‘ಆಂತರಿಕ ಗಲಭೆ’ಯ ಬದಲು ‘ಸಶಸ್ತ್ರ ಬಂಡಾಯ’ ಎಂದಿತು. ಸಂಪುಟದ ಲಿಖಿತ ನಿರ್ಧಾರವಿಲ್ಲದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲವೆಂದು ಮಾಡಿ, 12ನೇ ನಿಯಮದ ಒಳದಾರಿಯನ್ನು ಮುಚ್ಚಿತು. 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತಿನಲ್ಲಿಡುವುದನ್ನೂ ನಿಷೇಧಿಸಿತು. ಜೀವಿಸುವ ಹಕ್ಕಿಗಾಗಿ ತುರ್ತುಪರಿಸ್ಥಿತಿಯಲ್ಲಿ ನ್ಯಾಯಾಲಯದ ಮೊರೆ ಹೋಗಲಾಗದೆಂದ 1976ರ ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತಳ್ಳಿಹಾಕಿತು; 2017ರ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಷಾ ವರದಿ ದೀರ್ಘಕಾಲ ಸಾರ್ವಜನಿಕರ ಕೈಗೆ ಸಿಗದಂತಾಗಿತ್ತು. ಮಾಜಿ ಸಂಸದ ಇರಾ ಸೆಳಿಯನ್ 2010ರಲ್ಲಿ ಅದನ್ನು ಮತ್ತೆ ಪ್ರಕಟಿಸಿದರು.