ಕಾರಖಾನೆ ಎಂಬ ಮಾತು ಎಲ್ಲೆಲ್ಲಿ ಹೋಯಿತು

ದೀಪಾವಳಿ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಿಗಳಲ್ಲಿ ಕೇಳುವ ಮಾತು ಒಂದೇ: ‘ಕಾರಖಾನಿ ಯಾವಾಗ ಸುರು ಆಕ್ಕೈತಿ?’ ಯಾವ ಕಾರಖಾನೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಸಮೀರವಾಡಿ ಇರಲಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿ ಇರಲಿ, ಕಬ್ಬು ನುರಿಸುವ ಜಾಗವೇ ಕಾರಖಾನೆ. ಅದೇ ಮಾತು ರಬಕವಿ-ಬನಹಟ್ಟಿಯ ಓಣಿಯೊಳಗೆ ಬಂದರೆ ಮೈ ಚಿಕ್ಕದು ಮಾಡಿಕೊಳ್ಳುತ್ತದೆ. ಅಲ್ಲಿ ನಾಲ್ಕು ವಿದ್ಯುತ್ ಮಗ್ಗ ಹಾಕಿದ ತಗಡಿನ ಶೆಡ್ಡೂ ಕಾರಖಾನೆಯೇ.

ಈ ಮಾತಿನ ಬೆನ್ನು ಹತ್ತಲು ನಮಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ನೇಕಾರ ಮನೆಯೊಂದಕ್ಕೆ ಹೆಣ್ಣು ನೋಡಲು ಬಂದಿದ್ದರು. ಮಧ್ಯಸ್ತಿಕೆಗೆ ನಾವೂ ಹೋಗಿದ್ದೆವು. ಚಹಾ ಆಯಿತು, ಕೊಡುವ ತಗೊಳ್ಳುವ ಮಾತೂ ಒಂದು ಹಂತಕ್ಕೆ ಬಂತು. ಆಗ ಗಂಡಿನ ಕಡೆಯ ಹಿರಿಯಳೊಬ್ಬಳು ದನಿ ತಗ್ಗಿಸಿ ಕೇಳಿದಳು: ‘ಹುಡುಗಿ ಕಾರಖಾನಿಗೆ ಹೋಗ್ತಾಳಂತ? ಖರೇನ?’ ಹುಡುಗಿಯ ತಾಯಿ ತಲೆ ತಗ್ಗಿಸಿದಳು. ಒಳಗಿನಿಂದ ಹುಡುಗಿಯೇ ಉತ್ತರ ಕೊಟ್ಟಳು: ‘ಮನ್ಯಾಗ ಕುಂತು ಕಂಡಿಕಿ ಸುತ್ತಿದ್ರ ಅದು ಕೆಲಸ. ಅದ ಕಂಡಿಕಿ ಹೊರಗ ಹೋಗಿ ಸುತ್ತಿದ್ರ ಏನ್ ತಪ್ಪಾತ್ರಿ ಖಾಲಾ?’ ಯಾರೂ ಮಾತಾಡಲಿಲ್ಲ. ಆ ಸಂಬಂಧ ಕೂಡಲಿಲ್ಲ.

ಅಂದಿನಿಂದ ಆ ಪದ ನಮ್ಮ ಕಿವಿಯೊಳಗೆ ಕೂತಿದೆ. ‘ಕಾರಖಾನೆ’ ಎಂಬುದರಲ್ಲಿ ಅವಮಾನ ಪಡುವಂಥದ್ದು ಏನಿದೆ?

ಪದವನ್ನು ಬಿಡಿಸಿದರೆ ಏನೂ ಇಲ್ಲ. ಅದು ಫಾರ್ಸಿಯದು. ಕಾರ್ ಎಂದರೆ ಕೆಲಸ, ಖಾನಾ ಎಂದರೆ ಮನೆ. ಕೆಲಸದ ಮನೆ, ಅಷ್ಟೇ. ಫಾರ್ಸಿಯ ಈ ‘ಕಾರ್’ ಮತ್ತು ಸಂಸ್ಕೃತದ ‘ಕಾರ್ಯ’ ಒಂದೇ ಬೇರಿನ ಎರಡು ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕಾರಕೂನ, ಕಾರೀಗರ, ಕಾರಭಾರಿ, ಬೇಕಾರ, ಕೊನೆಗೆ ಸರಕಾರ, ಎಲ್ಲವೂ ಈ ಕೆಲಸದ ಮಕ್ಕಳೇ. ‘ಖಾನೆ’ಯ ಸಂಸಾರ ಇನ್ನೂ ದೊಡ್ಡದು: ದವಾಖಾನೆ, ಬಂದೀಖಾನೆ, ಛಾಪಖಾನೆ, ಕಸಾಯಿಖಾನೆ. ಆದರೆ ನಮ್ಮ ಊರುಗಳ ಖಾನಾವಳಿ ಈ ಸಂಸಾರದ್ದಲ್ಲ. ಅದು ಮರಾಠಿಯಿಂದ ಬಂದದ್ದು, ಊಟದ ಖಾನಾಕ್ಕೆ ಸೇರಿದ್ದು. ಉರ್ದು ಶಾಲೆಯಲ್ಲಿ ಮನೆಯ ಖಾನಾವನ್ನು ‘ಖೆ’ ಅಕ್ಷರದಿಂದ, ಊಟದ ಖಾನಾವನ್ನು ‘ಕಾಫ್’ಗೆ ದೋಚಶ್ಮಿ ‘ಹೆ’ ಹಚ್ಚಿ ಬರೆಯುವುದನ್ನು ಕಲಿತೆವು. ಕನ್ನಡ ಶಾಲೆಗೆ ಬಂದಾಗ ಎರಡಕ್ಕೂ ಒಂದೇ ‘ಖಾ’ ಸಾಕಾಯಿತು.

ಒಂದು ಕಾಲದಲ್ಲಿ ಈ ಪದಕ್ಕಿದ್ದ ಮರ್ಯಾದೆ ಸಣ್ಣದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಯ ಫಿರೋಜ್ ಷಾ ತುಘಲಕ್ 36 ಕಾರಖಾನೆಗಳನ್ನು ನಡೆಸುತ್ತಿದ್ದನೆಂದು ಅವನ ಕಾಲದ ಚರಿತ್ರೆಕಾರ ಅಫೀಫ್ ಬರೆದಿದ್ದಾನೆ. ಅಕ್ಬರನ ಆಡಳಿತವನ್ನು ಬಣ್ಣಿಸುವ ‘ಐನ್-ಎ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ನೂರಕ್ಕೂ ಹೆಚ್ಚು ಇಲಾಖೆ, ಕಾರಖಾನೆಗಳ ಮಾತಾಡುತ್ತಾನೆ. ಫ್ರಾನ್ಸ್‌ನ ವೈದ್ಯ ಫ್ರಾನ್ಸ್ವಾ ಬರ್ನಿಯೆ ಔರಂಗಜೇಬನ ಕಾಲದಲ್ಲಿ ದಿಲ್ಲಿಯ ಕೋಟೆಯೊಳಗೆ ಈ ಕಾರಖಾನೆಗಳನ್ನು ಕಂಡ. ಒಂದು ಹಜಾರದಲ್ಲಿ ಕಸೂತಿಯವರು, ಇನ್ನೊಂದರಲ್ಲಿ ಅಕ್ಕಸಾಲಿಗರು, ಮತ್ತೊಂದರಲ್ಲಿ ಚಿತ್ರಕಾರರು, ಮುಂದೆ ರೇಷ್ಮೆ, ಮಸ್ಲಿನ್ ನೇಯುವವರು. ಅವನ ಪ್ರವಾಸ ಕಥನದೊಂದಿಗೆ ಈ ಪದ 1670ರ ಹೊತ್ತಿಗೆ ಫ್ರೆಂಚ್ ಪುಸ್ತಕದ ಪುಟ ಸೇರಿತು. ಆದರೆ ಬರ್ನಿಯೆ ಬರೀ ವೈಭವ ನೋಡಿ ಬರಲಿಲ್ಲ. ಮುಂಜಾನೆ ಬಂದು ಸಂಜೆ ಮರಳುವ ಈ ಕುಶಲಕರ್ಮಿಗಳು ಹುಟ್ಟಿದ ಸ್ಥಿತಿಯಿಂದ ಮೇಲೇಳುವ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ, ಕಸೂತಿಯವನ ಮಗ ಕಸೂತಿಯವನೇ ಆಗುತ್ತಾನೆ ಎಂಬುದನ್ನೂ ಗುರುತಿಸಿದ. ಮಜೂರಿ ನೇಕಾರರ ಓಣಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಭಾಗಕ್ಕೆ ಪದ ಬಂದದ್ದು ಬಿಜಾಪುರದ ದಾರಿಯಿಂದ. ಮೊದಲನೆಯ ಇಬ್ರಾಹಿಂ ಆದಿಲಶಾಹಿಯ ಕಾಲದಲ್ಲಿ (1534–58) ಲೆಕ್ಕಪತ್ರಗಳು ಫಾರ್ಸಿಯಿಂದ ದೇಶಭಾಷೆಗೆ ತಿರುಗಿದವು. ಭಾಷೆ ಬದಲಾಯಿತು, ಪದಗಳು ಉಳಿದವು. ದಫ್ತರದ ಫಾರ್ಸಿ ಹಳ್ಳಿಯವರ ಬಾಯಿಗೆ ಬಿತ್ತು. ಮುಂದೆ ಮರಾಠರ ಆಡಳಿತದಲ್ಲಿ ‘ಹದಿನೆಂಟು ಕಾರಖಾನೆ, ಹನ್ನೆರಡು ಮಹಲು’ ಎಂಬ ವ್ಯವಸ್ಥೆಯೇ ನಿಂತಿತು. ಅಲ್ಲಿ ಕಾರಖಾನೆ ಎಂದರೆ ತಯಾರಿಸುವ ಜಾಗ ಮಾತ್ರವಲ್ಲ, ಉಗ್ರಾಣವೂ ಹೌದು, ಇಲಾಖೆಯೂ ಹೌದು. ಆನೆಗಳ ಪೀಲಖಾನೆ, ನಗಾರಖಾನೆ, ಶರಬತಖಾನೆ, ಸಂಸ್ಕೃತ-ಫಾರ್ಸಿ ಕೂಡಿ ಹುಟ್ಟಿದ ಒಂಟೆಗಳ ಉಷ್ಟ್ರಖಾನೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಕೋಟೆಯ ದವಸ, ಸಾಮಾನಿನ ಲೆಕ್ಕ ಇಡುವವನು ಕಾರಖಾನೀಸ. ಆ ಹುದ್ದೆ ಇಂದಿಗೂ ಅಡ್ಡಹೆಸರಾಗಿ ಬದುಕಿದೆ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಮರಾಠಿಯಲ್ಲಿ ದರಬಾರು ನಡೆಸಿದವರು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. ಅವರ ದಫ್ತರದ ಮಾತುಗಳು ನಮ್ಮ ಕನ್ನಡದಲ್ಲಿ ಉಳಿದುಕೊಂಡವು.

ದಕ್ಷಿಣದಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣ, ಬೆಂಗಳೂರು ಮೊದಲಾದ ಕಡೆ ಕಾರಖಾನೆಗಳನ್ನು ತೆರೆದ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸ್ ದೊರೆ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಕೇಳಿ ತಂದರು. ಸಿಕಂದರಾಬಾದಿನ ಒಂದು ಬಡಾವಣೆಯ ಹೆಸರೇ ಇಂದಿಗೂ ಕಾರಖಾನಾ.

ಇದು ಪೂರ್ವಕ್ಕೆ ಬಂದ ಕಥೆ. ಪದ ಪಶ್ಚಿಮಕ್ಕೂ ಹೋಯಿತು. ತುರ್ಕರ ಬರಹದ ಭಾಷೆಯಲ್ಲಿ ‘ಕಾರ್‌ಹಾನೆ’ ಎಂದರೆ ಕೆಲಸದ ಮನೆಯೇ ಆಗಿತ್ತು. ಅವರ ಆಡಳಿತದ ಜೊತೆ ಯುರೋಪಿನೊಳಗೂ ನಡೆಯಿತು. ರುಮೇನಿಯಾದ ಡ್ಯಾನ್ಯೂಬ್ ನದಿಮುಖದಲ್ಲಿ ಬೆಸ್ತರು ಹಿಡಿದ ಮೀನನ್ನು ತಂದು ಆರಿಸಿ, ಉಪ್ಪು ಹಾಕಿ ಇಡುವ ಕಟ್ಟಡಕ್ಕೆ ‘ಕೆರ್ಹನಾ’ ಎನ್ನುತ್ತಾರೆ. ನಮ್ಮ ಕಬ್ಬಿನ ಕಾರಖಾನೆಗೂ ಅವರ ಮೀನಿನ ಕೆರ್ಹನಾಕ್ಕೂ ತಾಯಿ ಒಬ್ಬಳೇ.

ಆದರೆ ತುರ್ಕಿಯಲ್ಲಿಯೇ ಪದದ ಗತಿ ಕೆಟ್ಟಿತು. ಆಡುಮಾತಿನಲ್ಲಿ ಸವೆದು ‘ಕೆರ್ಹಾನೆ’ಯಾದಾಗ ಅದರ ಅರ್ಥ ವೇಶ್ಯಾಗೃಹ. ಇಂದು ಅದೊಂದೇ ಅರ್ಥ ಉಳಿದಿದೆ. ದುಡಿಮೆಯ ಜಾಗಕ್ಕೆ ಇಟಲಿಯಿಂದ ‘ಫಾಬ್ರಿಕಾ’ ಎಂಬ ಬೇರೆ ಪದವನ್ನು ಕರೆತರಬೇಕಾಯಿತು. ಅರಬ್ಬಿಯ ಲೆಬನಾನ್ ಕಡೆಯ ಆಡುಮಾತಿನಲ್ಲಿಯೂ ‘ಕರಖಾನಾ’ಕ್ಕೆ ಈ ಕಳಂಕ ಅಂಟಿದೆ. ಅಲ್ಲಿನ ಕಥೆಯನ್ನು ನಾವು ನಿಂತು ಕೇಳಬೇಕು.

1840ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪೋರ್ತಾಲಿಸ್ ಮನೆತನದವರು ಲೆಬನಾನ್ ಬೆಟ್ಟಗಳಲ್ಲಿ ರೇಷ್ಮೆ ನೂಲು ತೆಗೆಯುವ ಕಾರಖಾನೆ ಹಾಕಿದರು. ಅವರ ಹಿಂದೆ ಮತ್ತಷ್ಟು ಮಂದಿ ಬಂದರು. ನೂಲು ಲಿಯಾನ್ ನಗರದ ಮಗ್ಗಗಳಿಗೆ ಹೋಗುತ್ತಿತ್ತು. ಕುದಿಯುವ ನೀರಿನ ತೊಟ್ಟಿಯ ಮುಂದೆ ನಿಂತು ಗೂಡಿನಿಂದ ಎಳೆ ತೆಗೆಯುತ್ತಿದ್ದವರು ಹೆಚ್ಚಾಗಿ ಬಡ ರೈತರ ಹೆಣ್ಣುಮಕ್ಕಳು. ಗಂಡಸರಿಗಿಂತ ಕಡಿಮೆ ಕೂಲಿ, ಉಸಿರುಗಟ್ಟಿಸುವ ಹಬೆ, ದಿನವಿಡೀ ದುಡಿಮೆ. ಹೆಣ್ಣುಮಕ್ಕಳು ಹೊರಗೆ ಹೋಗಿ ಪರಪುರುಷರ ಕೈಕೆಳಗೆ ದುಡಿಯುವುದಕ್ಕೆ ಹಿರಿಯರು, ಧರ್ಮಗುರುಗಳು ಆಕ್ಷೇಪ ಎತ್ತಿದರು. ಆದರೆ ಅವರು ತಂದ ಕೂಲಿಯನ್ನು ಯಾವ ಮನೆಯೂ ಬೇಡ ಎನ್ನಲಿಲ್ಲ. ರೇಷ್ಮೆಯ ಕರಖಾನಾ, ಕೆಟ್ಟ ಹೆಸರಿನ ಕರಖಾನಾ, ಎರಡಕ್ಕೂ ಊರಿನ ಬಾಯಲ್ಲಿ ಒಂದೇ ಮಾತು. ದುಡಿಯಲು ಹೋದ ಹುಡುಗಿ ಆ ಮಾತಿನ ನೆರಳನ್ನು ಹೊತ್ತು ಮನೆಗೆ ಮರಳಬೇಕಿತ್ತು.

ಕನ್ನಡದಲ್ಲಿ ಪದಕ್ಕೆ ಆ ಅರ್ಥ ಬಂದಿಲ್ಲ, ಬರುವುದೂ ಬೇಡ. ನಮ್ಮ ನಿಘಂಟು ಸ್ವಚ್ಛವಾಗಿದೆ. ನಿಘಂಟಿನಲ್ಲಿ ಇಲ್ಲದ್ದು ಅಂದು ಆ ಹಿರಿಯಳ ತಗ್ಗಿದ ದನಿಯಲ್ಲಿತ್ತು. ಫಾರ್ಸಿ, ತುರ್ಕಿ ಯಾವುದನ್ನೂ ಅರಿಯದ ಆಕೆ ತುರ್ಕರು ಮುಟ್ಟಿದ ಅರ್ಥದ ಹೊಸ್ತಿಲಿಗೇ ಬಂದು ನಿಂತಿದ್ದಳು. ಪದಗಳು ತಾವಾಗಿ ಕೆಡುವುದಿಲ್ಲ. ಹೊರಗೆ ದುಡಿಯುವ ಹೆಣ್ಣಿನ ಬಗ್ಗೆ ಸಮಾಜ ಇಟ್ಟುಕೊಂಡ ಸಂಶಯ ಪದದೊಳಗೆ ಇಳಿಯುತ್ತದೆ. ಕಾರಖಾನೆಗೆ ಹೋಗುವ ಗಂಡು ‘ಕೆಲಸದಾಗ ಅದಾನ’ ಎಂದು ವರನ ಪಟ್ಟಿಯಲ್ಲಿ ಮೇಲೇರುತ್ತಾನೆ. ಅದೇ ಶೆಡ್ಡಿನಲ್ಲಿ, ಅದೇ ಪಾಳಿಯಲ್ಲಿ ಕಂಡಿಕೆ ಸುತ್ತುವ ಹೆಣ್ಣು ಮಾತ್ರ ಯಾಕೆ ಕೆಳಗಿಳಿಯಬೇಕು?

ಮೊನ್ನೆ ಬನಹಟ್ಟಿಯ ಆ ಓಣಿಯಲ್ಲಿ ಹಾದು ಬಂದೆವು. ಶೆಡ್ಡುಗಳೊಳಗೆ ಲಾಳಿ ಓಡುವ ಸದ್ದು ಹಾಗೆಯೇ ಇತ್ತು. ಸಂಜೆಯ ಪಾಳಿ ಬಿಟ್ಟು ಹೆಣ್ಣುಮಕ್ಕಳು ತಲೆಗೂದಲಿಗೆ ಅಂಟಿದ ಹತ್ತಿಯ ಎಳೆ ಕೊಡವಿಕೊಳ್ಳುತ್ತ ಹೊರಬರುತ್ತಿದ್ದರು. ಎಲ್ಲಿಂದ ಬಂದ್ರಿ ಎಂದು ಕೇಳಿದೆವು. ‘ಕಾರಖಾನಿಯಿಂದ್ರಿ’ ಎಂದಳು ಒಬ್ಬಳು, ದನಿ ತಗ್ಗಿಸದೆ.