ನಿಷ್ಠೆಯ ಶೋಧ

ಗದಗಿಗೆ ಸಮೀಪದ ಸೊರಟೂರ ಇತಿಹಾಸದ ವಾಚಕರಿಗೆ ಹೊಸ ಹೆಸರಲ್ಲ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳನೂ ದೇವಗಿರಿಯ ಐದನೆಯ ಭಿಲ್ಲಮನೂ ಇಲ್ಲಿಯೇ ಕಾದಾಡಿದರು, ಬಲ್ಲಾಳನು ಗೆದ್ದನು. ನಮ್ಮವರಾರು, ವೈರಿಗಳಾರು ಎಂಬುದನ್ನು ಅಂದು ಬಯಲಿನಲ್ಲಿ ನಿಂತು ಹೇಳಬಹುದಾಗಿತ್ತು. ಏಳು ಶತಮಾನ ತುಂಬುವ ಮೊದಲೇ ಇದೇ ಸೀಮೆಗೆ ಬೇರೊಂದು ಬಗೆಯ ರಾಜಕಾರಣ ಬಂದಿತು. ಅದು ವೈರಿಯನ್ನು ಪ್ರಜೆಗಳ ಮನಸ್ಸಿನಲ್ಲಿ ಹುಡುಕುವ ರಾಜಕಾರಣ. ಆ ಶೋಧಕ್ಕೆ ಶಾಸನಸಭೆಗಳು ಹೇಗೆ ಕೈಗೂಡಿಸಿದವೆಂಬುದು ವಿಚಾರಿಸತಕ್ಕ ಸಂಗತಿ.

1853ರ ಸನದಿನಿಂದ ಕಲಕತ್ತೆಯಲ್ಲಿ ಏರ್ಪಟ್ಟ ಶಾಸನಸಭೆಯಲ್ಲಿ ಇದ್ದವರು 12 ಜನ. ಅವರಲ್ಲಿ ಭಾರತೀಯನು ಒಬ್ಬನೂ ಇರಲಿಲ್ಲ. 1857ರ ಮೇ ತಿಂಗಳಲ್ಲಿ ಮೀರತದ ಸಿಪಾಯಿಗಳು ಎದ್ದೊಡನೆ ಈ ಸಭೆ ಒಂದರ ಬೆನ್ನಿಗೊಂದು ಕಾಯಿದೆ ಮಾಡಿತು. ಸೆಪ್ಟೆಂಬರದಲ್ಲಿ ಬಂದದ್ದು ಆಯುಧಗಳ ಕಾಯಿದೆ. ದಂಗೆ ನಡೆದದ್ದು ಉತ್ತರದಲ್ಲಿ; ಸಂಶಯ ಮಾತ್ರ ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನವರೆಗೂ ಹರಿದು ಬಂದಿತು.

ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಅದೇ ಮಾನ. ಅವರು ಒಪ್ಪಿಸಲಿಲ್ಲ. ನವೆಂಬರದ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ 11ರಂದು ಮುಧೋಳದ ಸಂತೆಯಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು.

ಆರು ತಿಂಗಳು ಕಳೆಯುವುದರೊಳಗೆ ಕಿಡಿ ನಮ್ಮ ಕಡೆಗೆ ಹಾರಿತು. ಮುಂಡರಗಿಯ ಭೀಮರಾಯನು ಕಂಪನಿಯ ನೌಕರಿ ಮಾಡಿ ಅದನ್ನು ಕಳೆದುಕೊಂಡವನು. ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದುವು. ಇನ್ನು ಕಾದು ಫಲವಿಲ್ಲೆಂದು ಅವನು ಎದ್ದನು. ಡಂಬಳದ ಖಜಾನೆಯನ್ನು ಲೂಟಿಮಾಡಿ ಕೊಪ್ಪಳದ ಕೋಟೆ ಸೇರಿದನು. 1858ರ ಜೂನ್ 1ರಂದು ಕೋಟೆ ಬಿದ್ದಿತು. ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಮಡಿದರು. ದತ್ತಕದ ಹಕ್ಕು ಸಿಗದೆ ನೊಂದಿದ್ದ ನರಗುಂದದ ಬಾಬಾಸಾಹೇಬನನ್ನು ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು.

ಇವರ ಅಳಲು ಒಂದೇ ಆಗಿರಲಿಲ್ಲ. ಆದರೆ ಅದನ್ನು ಸಭೆಯಲ್ಲಿ ಆಡಿ ತೋರಿಸುವ ನಾಲಿಗೆ ಯಾರಿಗೂ ಇರಲಿಲ್ಲ. ಈ ಮಾತನ್ನು ಆಗಲೇ ಕಂಡು ಹೇಳಿದವರು ಕಂಪನಿಯ ನ್ಯಾಯಖಾತೆಯಲ್ಲಿಯೇ ಇದ್ದ ಸಯ್ಯದ್ ಅಹಮದ್ ಖಾನರು. ಶಾಸನಸಭೆಯಲ್ಲಿ ಭಾರತೀಯರಿಲ್ಲದಿರುವುದೇ ದಂಗೆಯ ಮೂಲವೆಂದು ಅವರು ತಮ್ಮ ಉರ್ದು ಗ್ರಂಥದಲ್ಲಿ ವಾದಿಸಿದರು. 1861ರ ಕಾಯಿದೆಯ ತರುವಾಯ ಕೆಲವರು ಭಾರತೀಯರು ಸಭೆ ಸೇರಿದರು. ಆದರೂ ಸಂಶಯದ ರೋಗ ಹೋಗಲಿಲ್ಲ.

1917ರ ಡಿಸೆಂಬರದಲ್ಲಿ ಸರಕಾರ ರಾಜದ್ರೋಹದ ತನಿಖೆಗೆಂದು ನ್ಯಾಯಮೂರ್ತಿ ರೌಲಟ್ಟರ ಸಮಿತಿಯನ್ನು ನೇಮಿಸಿತು. ಐವರು ಸದಸ್ಯರಲ್ಲಿ ಇಬ್ಬರು ಭಾರತೀಯರು. ಸಮಿತಿ ಕುಳಿತದ್ದು ಮುಚ್ಚಿದ ಬಾಗಿಲ ಹಿಂದೆ. ಆಗ ನಮ್ಮ ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬಯಿ ಇಲಾಖೆಯಿಂದಲೇ ಅದರ ವರದಿ ಆರಂಭವಾಗುತ್ತದೆ. ಅದನ್ನು ಹಿಡಿದು 1919ರ ಮಾರ್ಚದಲ್ಲಿ ಕಾಯಿದೆ ಬಂದಿತು. ಚುನಾಯಿತ ಭಾರತೀಯ ಸದಸ್ಯರು ಒಕ್ಕೊರಲಿನಿಂದ ವಿರೋಧಿಸಿದರು. ಮಾಳವೀಯ, ಜಿನ್ನಾ ಮೊದಲಾದವರು ರಾಜೀನಾಮೆ ಕೊಟ್ಟರು. ವಕೀಲನಿಲ್ಲ, ಅಪೀಲಿಲ್ಲ ಎಂದು ಜನ ಹಳಿದರು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ನೆತ್ತರು ಹರಿಯಿತು. ನಿಷ್ಠೆಯನ್ನು ಉಳಿಸಲೆಂದು ಮಾಡಿದ ಕಾಯಿದೆ ಅಳಿದುಳಿದ ನಿಷ್ಠೆಯನ್ನೂ ಕಳೆದು, 1922ರಲ್ಲಿ ತಾನೂ ರದ್ದಾಯಿತು.

ಇದು ಪರಕೀಯರ ಆಳಿಕೆಗೆ ಮಾತ್ರ ಅಂಟಿದ ದೋಷವೆಂದು ನಾವು ಸಮಾಧಾನಪಡುವಂತಿಲ್ಲ. ಅಮೆರಿಕೆಯ ಪ್ರಜೆಗಳೇ ಆರಿಸಿದ ಸಭೆಯೂ 1938ರಲ್ಲಿ ದೇಶವಿರೋಧಿ ಚಟುವಟಿಕೆಗಳ ತನಿಖೆಗೆ ಸಮಿತಿ ನೇಮಿಸಿತು. ನೀವು ಕಮ್ಯುನಿಸ್ಟರೇ, ಹಿಂದೆ ಆಗಿದ್ದಿರೇ ಎಂದು ಅದು ಕೇಳುತ್ತಿತ್ತು. 1947ರಲ್ಲಿ ಉತ್ತರ ಕೊಡಲೊಪ್ಪದ ಹತ್ತು ಮಂದಿ ಸಿನಿಮಾ ಲೇಖಕರು, ನಿರ್ದೇಶಕರು ಸೆರೆಮನೆ ಕಂಡರು. ಹಲವರ ಅನ್ನ ಹೋಯಿತು. ಆ ಸಮಿತಿ ಮುಗಿದದ್ದು 1975ರಲ್ಲಿ.

ದ್ರೋಹವೆಂಬುದೇ ಇಲ್ಲವೆಂದು ಯಾರೂ ಹೇಳಲಾರರು; ರಾಜ್ಯಕ್ಕೆ ತನ್ನನ್ನು ಕಾಯ್ದುಕೊಳ್ಳುವ ಹಕ್ಕುಂಟು. ಆದರೆ ಕೃತ್ಯವನ್ನು ವಿಚಾರಿಸುವುದು ಬೇರೆ, ಮನಸ್ಸನ್ನು ವಿಚಾರಿಸುವುದು ಬೇರೆ. ಮೊದಲನೆಯದಕ್ಕೆ ನ್ಯಾಯಾಲಯವಿದೆ. ಎರಡನೆಯದಕ್ಕೆ ಕೈಹಾಕುವ ಮುನ್ನ ಯಾವ ಸಭೆಯೇ ಆಗಲಿ, ಹಲಗಲಿ ಮುಂಡರಗಿಗಳ ಜನರ ಮಾತು ತನ್ನ ಕಿವಿಗೆ ಬಿದ್ದಿದೆಯೇ ಎಂದು ಮೊದಲು ತನ್ನನ್ನೇ ಕೇಳಿಕೊಳ್ಳುವುದು ಲೇಸು.