ರಬ್ಬರಿಗೂ ಮುಪ್ಪುಂಟು

ನಮ್ಮ ತಂದೆಯವರು ಪಶುವೈದ್ಯರಾಗಿದ್ದರು. 1966ರಲ್ಲಿ ಅವರು ಕೊಂಡ ಜಾವಾ ಮೋಟಾರ್ ಸೈಕಲ್ಲು ನಂಜನಗೂಡು ಸೀಮೆಯ ಹಳ್ಳಿಹಳ್ಳಿಗಳ ದಾರಿಯನ್ನು ಇಪ್ಪತ್ತೆಂಟು ವರ್ಷ ತುಳಿಯಿತು. ಅವರು ನಿವೃತ್ತರಾದ ಮೇಲೆ ಅದು ಹಿತ್ತಿಲ ಕೊಟ್ಟಿಗೆಯನ್ನು ಸೇರಿತು. ಅವರು ತೀರಿಕೊಂಡ ಮೇಲೆ ಗೋಣಿತಟ್ಟು ಹೊದ್ದು ಅಲ್ಲಿಯೇ ನಿಂತಿತು. ಮನೆಯನ್ನು ದುರಸ್ತಿ ಮಾಡಿಸುವ ಕಾಲ ಬಂದಾಗ, ಅದನ್ನು ಗುಜರಿಗೆ ಹಾಕುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಎದ್ದಿತು. ಉಳಿಸಿಕೊಳ್ಳೋಣವೆಂದೆ. ಆ ಒಂದು ಮಾತು ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತೆಂಬುದನ್ನು ಈ ಹತ್ತು ನಿಮಿಷಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಜಾವಾ ಎಂಬುದು ದ್ವೀಪದ ಹೆಸರೆಂದೇ ಬಾಲ್ಯದಲ್ಲಿ ನಾನು ನಂಬಿದ್ದೆ. ನಿಜಸಂಗತಿ ಬೇರೆ. 1929ರಲ್ಲಿ ಪ್ರಾಗ್ ನಗರದ ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡನು. ರೋಮನ್ ಲಿಪಿಯಲ್ಲಿ ಅವನ ಹೆಸರಿನ ಮೊದಲ ಎರಡಕ್ಷರಕ್ಕೆ ಕಂಪನಿಯ ಹೆಸರಿನ ಮೊದಲ ಎರಡಕ್ಷರ ಕೂಡಿ ಜಾವಾ ಹುಟ್ಟಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಏರ್ಪಟ್ಟಿತು. ಮೊದಮೊದಲು ಚೆಕೊಸ್ಲೊವಾಕಿಯದಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು; ಬರಬರುತ್ತ ಅವನ್ನು ಇಲ್ಲಿಯೇ ತಯಾರಿಸತೊಡಗಿದರು. 1970ರ ದಶಕದಲ್ಲಿ ವಾಹನಕ್ಕೆ ಯೆಜ್ಡಿ ಎಂಬ ಹೊಸ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

ಆ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯ ಮೆಕ್ಯಾನಿಕ್ಕೊಬ್ಬರು ನಮ್ಮ ಮನೆಗೆ ಬಂದರು. ಗೋಣಿತಟ್ಟನ್ನು ಸರಿಸಿ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಡಿಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದರು. "ಸ್ವಾಮಿ, ಕಬ್ಬಿಣದ ಚಿಂತೆ ಬಿಡಿ. ತುಕ್ಕು ಉಜ್ಜಿದರೆ ಹೋಗುತ್ತೆ. ನಿಮ್ಮ ಗಾಡಿ ಕೆಟ್ಟಿರೋದು ರಬ್ಬರಿನಲ್ಲಿ" ಎಂದರು. ನಾನು ಅದುವರೆಗೆ ರಬ್ಬರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಚ್ಚಿ ಹರಡಿದ ಮೇಲೆ ನೋಡಿದರೆ ಟೈರು ಟ್ಯೂಬುಗಳಲ್ಲದೆ ಪೆಟ್ರೋಲಿನ ಕೊಳವೆ, ಇಂಜಿನ್ನಿನ ಸೀಲುಗಳು, ಕಾಲೂರುವ ಕಡ್ಡಿಯ ಕವಚ, ಹಿಡಿಗಳು, ಟ್ಯಾಂಕಿನ ಎರಡು ಪಕ್ಕಗಳಲ್ಲಿ ಮೊಣಕಾಲು ಒರಗುವ ರಬ್ಬರಿನ ಫಲಕಗಳು, ಹೀಗೆ ಒಂದು ಮೊರ ತುಂಬಿತು. ಕೆಲವು ಕಲ್ಲಿನಂತೆ ಬಿಗಿದಿದ್ದವು. ಕೆಲವು ಬೆಲ್ಲದ ಪಾಕದಂತೆ ಬೆರಳಿಗಂಟುತ್ತಿದ್ದವು.

ಒಂದೇ ವಸ್ತುವಿಗೆ ಈ ಎರಡು ಬಗೆಯ ಮುಪ್ಪು ಹೇಗೆ ಬರುತ್ತದೆ? ಇದನ್ನು ತಿಳಿಯಲು ರಬ್ಬರಿನ ಚರಿತ್ರೆಯನ್ನೇ ಕೆದಕಬೇಕಾಯಿತು.

ರಬ್ಬರು ಮೂಲತಃ ಮರದ ಹಾಲು. ಮಧ್ಯ ಅಮೆರಿಕದ ಪ್ರಾಚೀನರು ಈ ಹಾಲಿಗೆ ಬಳ್ಳಿಯೊಂದರ ರಸವನ್ನು ಬೆರಸಿ, ಪುಟಿಯುವ ಚೆಂಡುಗಳನ್ನು ಮಾಡುತ್ತಿದ್ದರು. ಅಂಥ ಚೆಂಡುಗಳು ಮೂರು ಸಾವಿರ ವರ್ಷಗಳಿಗಿಂತ ಹಿಂದಿನ ಮಣ್ಣಿನ ಪದರಗಳಲ್ಲಿ ದೊರೆತಿವೆ. ಯೂರೋಪಿನವರಿಗೆ ಅದು ಬಹುಕಾಲ ಒಂದು ವಿನೋದದ ವಸ್ತುವಾಗಿತ್ತು. ಪೆನ್ಸಿಲಿನ ಗೆರೆಯನ್ನು ಅದು ಅಳಿಸಬಲ್ಲದೆಂದು 1770ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಬರೆದನು. ಉಜ್ಜಿ ಅಳಿಸುವ ಆ ಕೆಲಸದಿಂದಲೇ ಇಂಗ್ಲಿಷಿನಲ್ಲಿ ಅದಕ್ಕೆ ರಬ್ಬರ್ ಎಂಬ ಹೆಸರು ನಿಂತಿತು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತಾಷ್ ಅದರಿಂದ ಮಳೆ ತಡೆಯುವ ಬಟ್ಟೆ ಮಾಡಿದನು. ಆದರೆ ಹಸಿ ರಬ್ಬರು ಬೇಸಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರುಸಾಗುತ್ತಿತ್ತು. ಅಮೆರಿಕದಲ್ಲಿ 1830ರ ದಶಕದಲ್ಲಿ ಭರದಿಂದ ಎದ್ದ ರಬ್ಬರ್ ಕಂಪನಿಗಳು, ತಮ್ಮ ಪಾದರಕ್ಷೆಗಳು ಕರಗಿ ನಾರಿದ್ದರಿಂದ ಅಷ್ಟೇ ಭರದಿಂದ ಬಿದ್ದುಹೋದವು.

ಈ ದೋಷಕ್ಕೆ ಪರಿಹಾರ ಹುಡುಕಲು ಹೊರಟ ಚಾರ್ಲ್ಸ್ ಗುಡ್‌ಇಯರ್ ಸಾಲಗಾರರ ಸೆರೆಮನೆಯನ್ನು ಕಂಡು ಬಂದವನು. 1839ರಲ್ಲಿ, ಗಂಧಕ ಬೆರೆತ ರಬ್ಬರು ಬಿಸಿ ಒಲೆಗೆ ತಗುಲಿದಾಗ ಅದು ಕರಗದೆ ಚರ್ಮದಂತೆ ಹದಗೊಂಡಿತು. 1844ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಅವನಿಗಿಂತ ಮೊದಲೇ ಪೇಟೆಂಟಿಗೆ ಅರ್ಜಿ ಹಾಕಿದ್ದನು. ರೋಮನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ಸಂಸ್ಕಾರಕ್ಕೆ ವಲ್ಕನೀಕರಣವೆಂಬ ಹೆಸರಾಯಿತು. ಗುಡ್‌ಇಯರ್ 1860ರಲ್ಲಿ ಸಾಲದಲ್ಲಿಯೇ ಸತ್ತನು. 1898ರಲ್ಲಿ ಸ್ಥಾಪಿತವಾದ ಪ್ರಸಿದ್ಧ ಟೈರ್ ಕಂಪನಿ ಅವನ ಹೆಸರನ್ನು ಗೌರವಕ್ಕಾಗಿ ಇಟ್ಟುಕೊಂಡಿತೇ ಹೊರತು, ಅವನಿಗೂ ಅದಕ್ಕೂ ವ್ಯವಹಾರದ ಸಂಬಂಧವಿರಲಿಲ್ಲ.

ವಲ್ಕನೀಕರಣದಲ್ಲಿ ನಡೆಯುವುದು ಇಷ್ಟು. ರಬ್ಬರಿನ ಅಣುಗಳು ಬಿಡಿ ನೂಲಿನ ಎಳೆಗಳಂತೆ ಉದ್ದವಾಗಿರುತ್ತವೆ. ಗಂಧಕ ಈ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕಿ ಬಲೆಯನ್ನು ನೇಯುತ್ತದೆ. ಎಳೆದರೆ ಬಲೆ ಹಿಗ್ಗುತ್ತದೆ. ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಆದರೆ ಗಾಳಿಯ ಆಮ್ಲಜನಕ, ಬಿಸಿಲು, ಓಝೋನ್ ಇವು ಆ ಬಲೆಯನ್ನು ಎಂದೂ ಸುಮ್ಮನೆ ಬಿಡುವುದಿಲ್ಲ. ಎಳೆಗಳು ತುಂಡಾದರೆ ರಬ್ಬರು ಅಂಟಾಗುತ್ತದೆ. ಗಂಟುಗಳು ಹೆಚ್ಚಿದರೆ ಕಲ್ಲಾಗುತ್ತದೆ. ನನ್ನ ಮೊರದಲ್ಲಿ ಇದ್ದುದು ಈ ಎರಡು ಬಗೆಯ ಮುಪ್ಪು. ಬಿಗಿದು ನಿಂತ ರಬ್ಬರಿನಲ್ಲಿ ಓಝೋನ್ ಕೂದಲೆಳೆಯ ಬಿರುಕುಗಳನ್ನು ಕೊರೆಯುತ್ತದೆ. ಇದನ್ನು ತಡೆಯಲು ಟೈರಿನಲ್ಲಿ ಸೇರಿಸಿರುವ ಮೇಣ, ಗಾಡಿ ಓಡಿದಂತೆಲ್ಲ ಮೇಲ್ಮೈಗೆ ಬರುತ್ತಿರುತ್ತದೆ. ನಿಂತಲ್ಲೇ ನಿಂತ ಗಾಡಿಯ ಟೈರಿಗೆ ಆ ರಕ್ಷೆಯೂ ಕುಂದುತ್ತದೆ. ಅಪ್ಪನ ನಂತರ ಆ ಗಾಡಿಯನ್ನು ಮುಟ್ಟದೆ ಜೋಪಾನ ಮಾಡಿದೆವೆಂದು ನಾವು ತಿಳಿದಿದ್ದೆವು!

ಮೆಕ್ಯಾನಿಕ್ಕರು ಮೊರದಲ್ಲಿದ್ದುದನ್ನು ಎರಡು ಪಾಲು ಮಾಡಿದರು. ಮೊದಲನೆಯದು, ಯಾವ ಕರುಣೆಯನ್ನೂ ತೋರದೆ ಬದಲಾಯಿಸಬೇಕಾದುದು. ಜಾವಾದಂಥ ಎರಡು ಹೊಡೆತದ ಇಂಜಿನ್ನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಯಲ್ಲಿ ಒತ್ತಲ್ಪಟ್ಟು ಅನಂತರ ಮೇಲೇರುತ್ತದೆ. ಆ ಕೋಣೆಯ ಸೀಲು ಬಿರುಸಾದರೆ ಹೊರಗಾಳಿ ನುಗ್ಗಿ ಇಂಜಿನ್ ಕಾಯುತ್ತದೆ. ಪಿಸ್ಟನ್ ನಡುದಾರಿಯಲ್ಲಿ ಹಿಡಿದುಕೊಳ್ಳಲೂಬಹುದು. ಪೆಟ್ರೋಲಿನ ಕೊಳವೆಯೂ ಹಾಗೆಯೇ. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ, ಅದಕ್ಕೆ ಹೊಂದುವಂತೆ ಮಾಡಿದ ಕೊಳವೆಯೇ ಬೇಕು. ಟೈರು ಟ್ಯೂಬುಗಳ ವಿಷಯದಲ್ಲಿ ಎರಡನೆಯ ಮಾತೇ ಇಲ್ಲ.

ಎರಡನೆಯ ಪಾಲು, ಯಾರ ಪ್ರಾಣಕ್ಕೂ ಸಂಬಂಧಿಸದ ಭಾಗಗಳು: ಹಿಡಿ, ಕಾಲಿನ ಕವಚ, ಮೊಣಕಾಲಿನ ಫಲಕ. ಇವುಗಳಲ್ಲಿ ಬರಿಯ ಬಿರುಸಾದುವನ್ನು ವಿಂಟರ್‌ಗ್ರೀನ್ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಬೆರಸಿ ನೆನೆಹಾಕಿದರೆ ಮೆತ್ತಗಾಗುತ್ತವೆಂದು ಕೇಳಿದ್ದೆ. ಬಲಗಡೆಯ ಫಲಕವನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಜಿನ ಜಾಡಿಯಲ್ಲಿ ಮುಳುಗಿಸಿಟ್ಟೆ. ಸಂಜೆಯ ಹೊತ್ತಿಗೆ ಅಡಿಗೆಮನೆಯವರೆಗೆ ಅದರ ವಾಸನೆ ಹಬ್ಬಿತು. ಎಂಬತ್ತೆಂಟು ವರ್ಷದ ಅಮ್ಮ ಒಳಗಿನಿಂದ, "ಯಾರಿಗೋ ಮಂಡಿನೋವು?" ಎಂದು ಕೇಳಿದಳು. ನೋವಿನ ಮುಲಾಮುಗಳಲ್ಲಿ ಇರುವುದೂ ಆ ಎಣ್ಣೆಯ ಸಾರವೇ. ಮಳೆಗಾಲದಲ್ಲಿ ಊರೂರು ತಿರುಗಿ ಬಂದ ಅಪ್ಪ ರಾತ್ರಿ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದ ಮುಲಾಮಿನ ವಾಸನೆ ಅದು. ಆ ಮಂಡಿ ಒರಗಿ ಒರಗಿ ಸವೆದ ಫಲಕವೇ ಜಾಡಿಯಲ್ಲಿತ್ತು.

ಮರುದಿನ ಫಲಕ ಉಬ್ಬಿ ಮೃದುವಾಗಿತ್ತು. ಬಿರುಕುಗಳೆಲ್ಲ ಕೂಡಿಕೊಂಡಿದ್ದವು. ನನಗೆ ಹಿಗ್ಗೋ ಹಿಗ್ಗು. ಆದರೆ ಎರಡು ಮೂರು ತಿಂಗಳಲ್ಲಿ ಎಣ್ಣೆ ಆರಿತು, ಫಲಕ ಕುಗ್ಗಿತು, ಬಿರುಕುಗಳು ಒಂದೊಂದಾಗಿ ಅವೇ ಜಾಗಗಳಲ್ಲಿ ಕಣ್ಣು ತೆರೆದವು. ಎಣ್ಣೆ ಎಳೆಗಳ ನಡುವೆ ಹೊಕ್ಕು ಅವನ್ನು ಸಡಿಲಿಸಿತ್ತೇ ಹೊರತು, ಹರಿದ ಬಲೆಯನ್ನು ಮತ್ತೆ ನೇಯ್ದಿರಲಿಲ್ಲ. ಅದರಿಂದ ಅದು ಸಾಧ್ಯವೂ ಇಲ್ಲ. ಗುಡ್‌ಇಯರ್ ಮುಪ್ಪನ್ನು ಗೆದ್ದನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅವನು ಪಡೆದುದು ಒಂದು ವಾಯಿದೆ ಮಾತ್ರ ಎಂದು ನನಗೆ ಆಗ ತಿಳಿಯಿತು.

ಹೊಸ ಟೈರು ಕೊಳ್ಳುವಾಗಲೂ ಚರಿತ್ರೆ ಬೆನ್ನು ಬಿಡಲಿಲ್ಲ. ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಪೇಟೆಂಟು ಪಡೆದಿದ್ದನು. ಲೋಕ ಅದನ್ನು ಮರೆತಿತ್ತು. 1887ರಲ್ಲಿ ಅದನ್ನು ಮತ್ತೆ ಕಂಡುಹಿಡಿದ ಜಾನ್ ಡನ್‌ಲಪ್ ಬೆಲ್‌ಫಾಸ್ಟಿನ ಪಶುವೈದ್ಯ. ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮಾಡಿದನು. "ನಮ್ಮ ಕಸುಬಿನವನು" ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಅದರ ಮುಂದಿನ ಕಥೆಯನ್ನು ಅವರು ಹೇಳಿರಲಿಲ್ಲ. ಟೈರಿನ ಬೇಡಿಕೆ ಏರಿದಂತೆ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿದ್ದ ಕಾಂಗೋದಲ್ಲಿ, ಗೊತ್ತುಮಾಡಿದಷ್ಟು ರಬ್ಬರು ತಾರದ ಹಳ್ಳಿಗರ ಮೇಲೆ ಸಿಪಾಯಿಗಳನ್ನು ಬಿಟ್ಟರು. ಜನರ ಕೈಗಳನ್ನು ಕಡಿದರು. ರೋಜರ್ ಕೇಸ್‌ಮೆಂಟನ 1904ರ ವರದಿ ಅದನ್ನು ಲೋಕಕ್ಕೆ ತಿಳಿಸಿತು. ಇತ್ತ 1876ರಲ್ಲಿ ಹೆನ್ರಿ ವಿಕಮ್ ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ ಸುಮಾರು 70,000 ಬೀಜಗಳಲ್ಲಿ ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳ ಸಂತತಿ ಸಿಂಹಳದ ಮಾರ್ಗವಾಗಿ ನಮ್ಮ ಪಶ್ಚಿಮಘಟ್ಟಗಳಿಗೂ ಬಂದಿತು. 1964ರ ಭಾರತ-ಸಿಂಹಳ ಒಪ್ಪಂದದ ಮೇಲೆ ಅಲ್ಲಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ಹಾಲು ಇಳಿಸುವ ಕೆಲಸಕ್ಕೆ ನಿಂತವು. ಮರವೂ ಮನುಷ್ಯರೂ ಒಂದೇ ದಾರಿಯಲ್ಲಿ ಬಂದರು. ಅಂಗಡಿಯವನು ಟೈರನ್ನು ಕೈಗೆ ಕೊಟ್ಟಾಗ ಅದು ಮೊದಲಿಗಿಂತ ಭಾರವಾಗಿ ತೋರಿತು.

ಈಗ ಗಾಡಿ ಓಡುತ್ತಿದೆ. ಸೀಲು, ಕೊಳವೆ, ಟೈರು ಎಲ್ಲವೂ ಹೊಸವು. ಹೊಸ ಫಲಕಗಳೂ ಸಿಗುತ್ತವೆ. ಆದರೆ ಅಪ್ಪನ ಮಂಡಿ ಸವೆಸಿದ ಆ ಎರಡನ್ನೇ, ಬಿರುಕುಗಳ ಸಹಿತ, ಮತ್ತೆ ತೊಡಿಸಿದ್ದೇನೆ. ಎಡಗಡೆಯದನ್ನು ಎಣ್ಣೆಗೆ ಹಾಕಲೇ ಇಲ್ಲ. ಅವುಗಳ ಮುಪ್ಪಿನಿಂದ ಯಾರಿಗೂ ಅಪಾಯವಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಅವನ್ನು ಒಂದು ಕಾಗದದಲ್ಲಿ ಬರೆದು, "ಹತ್ತು ವರ್ಷವಾದರೆ, ಸವೆಯದಿದ್ದರೂ ಬದಲಾಯಿಸು" ಎಂದು ಮಗಳಿಗೊಂದು ಸಾಲು ಸೇರಿಸಿ, ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.